ಶೈತ್ಯದ ಸುಂಕ

ಮದರಾಸಿನ ಕಡಲತೀರದಲ್ಲಿ, ಇಂದು ವಿವೇಕಾನಂದರ ಹೆಸರನ್ನು ಹೊತ್ತು ನಿಂತಿರುವ ದುಂಡುಮುಖದ ಕಟ್ಟಡವೊಂದನ್ನು ನೋಡಿದವರಲ್ಲಿ ಬಹುಮಂದಿಗೆ, 1897ರಲ್ಲಿ ಪಶ್ಚಿಮದೇಶಗಳಿಂದ ಮರಳಿದ ಸ್ವಾಮಿಗಳು ಅಲ್ಲಿ ಕೆಲವು ದಿನ ತಂಗಿದ್ದರೆಂಬುದು ತಿಳಿದಿರುತ್ತದೆಯೇ ಹೊರತು, ಅದು ಮೊದಲು ಕಟ್ಟಲ್ಪಟ್ಟದ್ದು ಮಂಜುಗಡ್ಡೆಯ ಉಗ್ರಾಣವಾಗಿ ಎಂಬುದು ನೆನಪಿಗೆ ಬರುವುದು ಅಪೂರ್ವ. ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು, ಚಳಿಗಾಲದಲ್ಲಿ ತನ್ನ ಸೀಮೆಯ ಕೆರೆಗಳ ಮೇಲೆ ಹೆಪ್ಪುಗಟ್ಟಿದ ನೀರನ್ನು ಕಲ್ಲುಚಪ್ಪಡಿಗಳಂತೆ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿಗೆ ತುಂಬಿ, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿಸಿ ನಮ್ಮ ಬಂದರುಗಳಿಗೆ ಸಾಗಿಸುತ್ತಿದ್ದನು. 1833ರ ಮೇ ತಿಂಗಳಿನಲ್ಲಿ ಬಾಸ್ಟನ್ ಬಿಟ್ಟ ‘ಟಸ್ಕನಿ’ ಎಂಬ ಹಡಗಿನಲ್ಲಿ ಸುಮಾರು 180 ಟನ್ನು ಮಂಜುಗಡ್ಡೆಯಿತ್ತು. ನಾಲ್ಕು ತಿಂಗಳ ತರುವಾಯ ಕಲ್ಕತ್ತೆಯ ದಕ್ಕೆಯಲ್ಲಿ ಇಳಿಸಿದಾಗ ಉಳಿದದ್ದು ಸುಮಾರು 100 ಟನ್ನು. ಮಿಕ್ಕದ್ದೆಲ್ಲ ಹಡಗಿನ ತಳದಲ್ಲಿ ನೀರಾಗಿ ಸಮುದ್ರವನ್ನು ಸೇರಿತು.

ಆ ವ್ಯಾಪಾರದಲ್ಲಿ ನಷ್ಟವೆಲ್ಲ ಕಣ್ಣಿಗೆ ಕಾಣುತ್ತಿತ್ತು. ಎಷ್ಟು ತುಂಬಿದೆವು, ಎಷ್ಟು ಇಳಿಸಿದೆವು, ನಡುವೆ ಎಷ್ಟು ಕರಗಿತು ಎಂಬ ಕೂಡುಕಳೆಯುವ ಲೆಕ್ಕ ಹಡಗಿನ ಹಮಾಲನಿಗೂ ತಿಳಿಯುವಂಥದು. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಈ ವ್ಯಾಪಾರ ಅಳಿದು, ಶೈತ್ಯವನ್ನು ಹೊತ್ತು ತರುವ ಬದಲು ಇದ್ದಲ್ಲಿಯೇ ಉತ್ಪಾದಿಸುವ ಯಂತ್ರಗಳು ಬಂದುವು. ಬಂದೊಡನೆಯೇ ನಷ್ಟವೂ ಹಡಗಿನ ತಳವನ್ನು ಬಿಟ್ಟು ಯಂತ್ರದ ಒಡಲಿನೊಳಗೆ, ಕಣ್ಣಿಗೆ ಕಾಣದ ಎಡೆಗಳಲ್ಲಿ ಅಡಗಿ ಕುಳಿತಿತು. ಹಿಮಬಿಂದುವಿಗಿಂತ ಇನ್ನೂರು, ಇನ್ನೂರೈವತ್ತು ಡಿಗ್ರಿಗಳಷ್ಟು ಕೆಳಗಿನ ಆಳಕ್ಕೆ ಮನುಷ್ಯನು ಇಳಿದ ಚರಿತ್ರೆಯನ್ನು ಸಾಮಾನ್ಯವಾಗಿ ವಿಜಯಗಳ ಚರಿತ್ರೆಯಾಗಿ ಬರೆಯುತ್ತಾರೆ: ಇಂಥವನು ಇಂಥ ಅನಿಲವನ್ನು ಇಂಥ ದಿವಸ ದ್ರವವಾಗಿಸಿದನು ಎಂದು. ನನಗೆ ಅದು ಹೆಚ್ಚಾಗಿ, ಅಡಗಿದ ಆ ನಷ್ಟವನ್ನು ಬೆನ್ನಟ್ಟಿದವರ ಚರಿತ್ರೆಯಾಗಿಯೇ ತೋರುತ್ತದೆ.

ಈ ನಷ್ಟದಲ್ಲಿ ಎರಡು ಬಗೆ. ಒಂದು, ಯಾವ ಜಾಣನೂ ತಪ್ಪಿಸಿಕೊಳ್ಳಲಾರದ ಸುಂಕ. ಇನ್ನೊಂದು, ನಮ್ಮ ಯಂತ್ರಗಳ ದೋಷದಿಂದ ಆಗುವ ಪೋಲು. ಮೊದಲನೆಯದರ ಬೀಜವನ್ನು ಬಿತ್ತಿದವನು ಸಾದಿ ಕಾರ್ನೊ ಎಂಬ ಫ್ರೆಂಚ್ ತರುಣ. ತನ್ನ 28ನೆಯ ವಯಸ್ಸಿನಲ್ಲಿ, 1824ರಲ್ಲಿ, ಆವಿಯಂತ್ರಗಳನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿ, ಎಂಟು ವರ್ಷಗಳಲ್ಲಿ ಕಾಲರಾ ಬೇನೆಗೆ ತುತ್ತಾದ ಈತನು ಶೈತ್ಯದ ಗೊಡವೆಗೆ ಹೆಚ್ಚು ಹೋದವನಲ್ಲ. ಆದರೆ ಅವನ ತರ್ಕವನ್ನು ಹಿಂದುಮುಂದಾಗಿ ಓದಿದರೆ ಶೀತಯಂತ್ರದ ಧರ್ಮಶಾಸ್ತ್ರವೇ ಅದರಲ್ಲಿ ದೊರೆಯುತ್ತದೆ. ತಣ್ಣನೆಯ ಎಡೆಯಿಂದ ಶಾಖವನ್ನು ಮೇಲಕ್ಕೆತ್ತಿ ಬೆಚ್ಚನೆಯ ಎಡೆಯಲ್ಲಿ ಸುರಿಯಬೇಕಾದರೆ, ಬಾವಿಯಿಂದ ನೀರು ಸೇದುವವನಂತೆ, ರಟ್ಟೆಯ ಶ್ರಮವನ್ನು ತೆರಲೇಬೇಕು. ಈ ಬಾವಿಯ ವೈಚಿತ್ರ್ಯವೇನೆಂದರೆ, ಆಳ ಹೆಚ್ಚಿದಷ್ಟಕ್ಕೆ ಮಾತ್ರವೇ ಶ್ರಮ ಹೆಚ್ಚುವುದಿಲ್ಲ; ತಳಕ್ಕೆ ಹತ್ತಿರವಾದಂತೆಲ್ಲ ಒಂದೊಂದು ಡಿಗ್ರಿಯ ಬೆಲೆಯೂ ಏರುತ್ತದೆ. ಆ ತಳವೇ ಪರಮಶೂನ್ಯ, ಎಂದರೆ ಸೊನ್ನೆಗಿಂತ ಕೆಳಗೆ 273 ಡಿಗ್ರಿ. ಅಲ್ಲಿಂದ ಮೇಲಕ್ಕೆ ಎಣಿಸುವ ಮಾನಕ್ಕೆ ಕೆಲ್ವಿನ್ ಎಂದು ಹೆಸರು. ನಮ್ಮ ಕೋಣೆಯ ಉಷ್ಣತೆ 300 ಕೆಲ್ವಿನ್ ಎಂದಿಟ್ಟುಕೊಂಡರೆ, ಸಾರಜನಕವು ಕುದಿಯುವ 77 ಕೆಲ್ವಿನ್ನಿನಿಂದ ಒಂದು ಪಾಲು ಶಾಖವನ್ನೆತ್ತಲು ಹೆಚ್ಚುಕಡಿಮೆ 3 ಪಾಲು ಶ್ರಮ ಬೇಕು. ಜಲಜನಕದ 20 ಕೆಲ್ವಿನ್ನಿನಿಂದಾದರೆ 14 ಪಾಲು. ಹೀಲಿಯಂ ಕುದಿಯುವ 4.2 ಕೆಲ್ವಿನ್ನಿನಿಂದಾದರೆ 70 ಪಾಲು. ಕಟ್ಟಕಡೆಯ ತಳಕ್ಕೆ ಬೆಲೆಯೇ ಅನಂತ. ಆದಕಾರಣ ಅಲ್ಲಿಗೆ ಯಾರೂ ತಲಪಲಾರರು.

ಇದು ಎಲ್ಲಿಯೂ ಘರ್ಷಣೆಯಿಲ್ಲದ, ಸೋರಿಕೆಯಿಲ್ಲದ, ಲೋಕದಲ್ಲಿ ಎಲ್ಲಿಯೂ ಇಲ್ಲದ ಆದರ್ಶಯಂತ್ರವೊಂದು ಕಟ್ಟಬೇಕಾದ ಸುಂಕ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಪ್ರಕೃತಿಯ ಈ ಸುಂಕದ ಕಟ್ಟೆಯಲ್ಲಿ ಕುಳಿತವನು ಅವನಿಗಿಂತಲೂ ನಿರ್ದಾಕ್ಷಿಣ್ಯನು. ಯಂತ್ರಶಿಲ್ಪಿಯ ಕೈಯಲ್ಲಿರುವುದು ಅದರ ಮೇಲಿನ ಪೋಲನ್ನು ತಗ್ಗಿಸುವುದು ಮಾತ್ರ. ಆ ಪೋಲು ಎಷ್ಟೆಂಬುದನ್ನು ತೋರಿಸುವ ಅಳತೆಯೇ ದಕ್ಷತೆ: ಕಟ್ಟಲೇಬೇಕಾದ ಸುಂಕವನ್ನು ನಿಜವಾಗಿ ಕಟ್ಟಿದ ಹಣದಿಂದ ಭಾಗಿಸಿದರೆ ಬರುವ ಲಬ್ಧ.

ಮೊದಮೊದಲಿನ ಸಾಧಕರಿಗೆ ಈ ಲೆಕ್ಕದ ಚಿಂತೆಯೇ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಮೈಕೆಲ್ ಫ್ಯಾರಡೆ 1823ರಲ್ಲಿ ಕ್ಲೋರಿನ್ನನ್ನು ದ್ರವವಾಗಿಸಿದ ತರುವಾಯ ಒಂದೊಂದಾಗಿ ಅನೇಕ ಅನಿಲಗಳು ಮಣಿದು, 1845ರ ವೇಳೆಗೆ ಆಮ್ಲಜನಕ, ಸಾರಜನಕ, ಜಲಜನಕಗಳೇ ಮೊದಲಾದ ಆರು ಅನಿಲಗಳು ಮಾತ್ರ ಎಷ್ಟು ಅದುಮಿದರೂ ಬಗ್ಗದೆ ‘ಶಾಶ್ವತ ಅನಿಲ’ಗಳೆಂಬ ಬಿರುದನ್ನು ಹೊತ್ತು ನಿಂತಿದ್ದುವು. ಒತ್ತಡವೊಂದೇ ಸಾಲದು, ಒಂದು ಮೇರೆಗಿಂತ ಕೆಳಗೆ ತಣಿಸಿಯೇ ತೀರಬೇಕೆಂಬುದನ್ನು 1869ರಲ್ಲಿ ಥಾಮಸ್ ಆಂಡ್ರ್ಯೂಸ್ ತೋರಿಸಿಕೊಟ್ಟನು. 1877ರ ಡಿಸೆಂಬರಿನಲ್ಲಿ, ಫ್ರಾನ್ಸಿನ ಶಾಟಿಯೋಂ ಎಂಬ ಊರಿನಲ್ಲಿ ಕಬ್ಬಿಣದ ಕಾರ್ಖಾನೆ ನಡೆಸುತ್ತಿದ್ದ ಲೂಯಿ ಕಾಯ್ಯತೆ ಎಂಬವನು, ಆಮ್ಲಜನಕವನ್ನು 300 ವಾತಾವರಣಗಳಷ್ಟು ಒತ್ತಡಕ್ಕೆ ಅದುಮಿ, ತಣಿಸಿ, ತಟ್ಟನೆ ಸಡಿಲಬಿಟ್ಟಾಗ ಗಾಜಿನ ನಾಳದೊಳಗೆ ಒಂದು ಮಂಜಿನ ತೆರೆ ಮೂಡಿ ಮಾಯವಾಯಿತು. ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತು ಡಿಸೆಂಬರ್ 24ರಂದು ಈ ವಾರ್ತೆಯನ್ನು ಕೇಳಿದ ಸಭೆಯಲ್ಲಿಯೇ, ಜಿನೀವಾದಿಂದ ರಾವುಲ್ ಪಿಕ್ಟೆ ಬೇರೊಂದು ಮಾರ್ಗದಿಂದ ಅದೇ ಗುರಿಯನ್ನು ಮುಟ್ಟಿದ್ದೇನೆಂದು ಕಳುಹಿಸಿದ ತಂತಿಯೂ ಓದಲ್ಪಟ್ಟಿತು. ಕ್ಷಣಮಾತ್ರದ ಮಂಜನ್ನು ಪ್ರಶಾಂತವಾಗಿ ಕುದಿಯುವ ತಿಳಿನೀಲಿ ದ್ರವವಾಗಿ ಕೊಳವೆಯಲ್ಲಿ ನಿಲ್ಲಿಸಿ ತೋರಿಸಿದವರು, 1883ರಲ್ಲಿ, ಪೋಲೆಂಡಿನ ಕ್ರಾಕೋ ನಗರದ ವ್ರೊಬ್ಲೆವ್ಸ್ಕಿ ಮತ್ತು ಒಲ್ಷೆವ್ಸ್ಕಿ. ಚಮಚದಷ್ಟು ದ್ರವಕ್ಕೆ ಎಷ್ಟು ಕಲ್ಲಿದ್ದಲು ಉರಿಯಿತೆಂದು ಆಗ ಯಾರೂ ಕೇಳಲಿಲ್ಲ.

ಕೇಳಿದವನು ಮ್ಯೂನಿಕ್ಕಿನ ಕಾರ್ಲ್ ಲಿಂಡೆ. ಅವನು ಪ್ರಾಧ್ಯಾಪಕನೂ ಹೌದು, ವ್ಯಾಪಾರಿಯೂ ಹೌದು. ಡೀಸೆಲ್ ಯಂತ್ರದ ರುಡಾಲ್ಫ್ ಡೀಸೆಲ್ ಅವನ ಶಿಷ್ಯ. ಬವೇರಿಯದ ಬಿಯರ್ ಭಟ್ಟಿಗಳಿಗೆ ಶೀತಯಂತ್ರಗಳನ್ನು ಮಾಡಿಕೊಟ್ಟು ಹೆಸರು ಗಳಿಸಿದ್ದ ಈತನಿಗೆ, ಭಟ್ಟಿಯ ಯಜಮಾನನು ಯಂತ್ರದ ಸೊಬಗಿಗಲ್ಲ, ಇದ್ದಲಿನ ಬಿಲ್ಲಿಗೆ ಬೆಲೆ ಕಟ್ಟುತ್ತಾನೆಂಬುದು ಚೆನ್ನಾಗಿ ಗೊತ್ತಿತ್ತು. ಅದುಮಿದ ವಾಯುವನ್ನು ಸಣ್ಣದೊಂದು ಕವಾಟದ ಮೂಲಕ ನುಸುಳಿಸಿದರೆ ಅದು ಸ್ವಲ್ಪ ತಣ್ಣಗಾಗುತ್ತದೆಂಬುದನ್ನು ಜೂಲ್ ಮತ್ತು ಥಾಮ್ಸನ್ ಶತಮಾನದ ನಡುವಿನಲ್ಲಿಯೇ ಕಂಡಿದ್ದರು. ಆದರೆ ಆ ಶೈತ್ಯ ಎಷ್ಟು ಮಾತ್ರದ್ದು! ಒಂದು ವಾತಾವರಣದ ಒತ್ತಡ ಇಳಿದರೆ ಕಾಲು ಡಿಗ್ರಿ. ಈ ಕಾಲು ಡಿಗ್ರಿಗಳನ್ನು ಜಿಪುಣನು ಕಾಸು ಕೂಡಿಡುವಂತೆ ಕೂಡಿಟ್ಟರೆ ಹೇಗೆ ಎಂಬುದೇ ಲಿಂಡೆಯ ಯೋಚನೆ. ಕವಾಟದಿಂದ ಹೊರಬಂದ ತಣ್ಣನೆಯ ವಾಯುವನ್ನು ಹಾಗೆಯೇ ಬಿಟ್ಟುಬಿಡದೆ, ಒಳಬರುತ್ತಿರುವ ಬೆಚ್ಚನೆಯ ವಾಯುವಿನ ಕೊಳವೆಯನ್ನು ಸುತ್ತಿಕೊಂಡು ಎದುರು ದಿಕ್ಕಿನಲ್ಲಿ ಹರಿಯುವಂತೆ ಮಾಡಿದರೆ, ಹೋಗುವವನು ತನ್ನ ಶೈತ್ಯವನ್ನೆಲ್ಲ ಬರುವವನಿಗೆ ಒಪ್ಪಿಸಿ, ತಾನು ಬರಿಗೈಯಲ್ಲಿ, ಎಂದರೆ ಕೋಣೆಯಷ್ಟೇ ಬೆಚ್ಚಗಾಗಿ, ಹೊರಬೀಳುತ್ತಾನೆ. ಮುಂದಿನ ಸುತ್ತಿನಲ್ಲಿ ಕವಾಟಕ್ಕೆ ಬರುವ ವಾಯು ಹಿಂದಿನದಕ್ಕಿಂತ ತಣ್ಣಗಿರುತ್ತದೆ. ಹೀಗೆ ಇಳಿಯುತ್ತ ಇಳಿಯುತ್ತ ಕಡೆಗೆ ದ್ರವದ ಹನಿ ತೊಟ್ಟಿಕ್ಕುತ್ತದೆ. 1895ರಲ್ಲಿ ಅವನು ಕಟ್ಟಿದ ಇಂಥ ಶಾಖವಿನಿಮಯಕವು ಒಂದರೊಳಗೊಂದು ಸೇರಿಸಿ ಸುರುಳಿ ಸುತ್ತಿದ, ಸುಮಾರು 100 ಮೀಟರು ಉದ್ದದ ಜೋಡಿ ಕೊಳವೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ವಿಲಿಯಂ ಹ್ಯಾಂಪ್ಸನ್ ಎಂಬವನು ಇದೇ ತತ್ತ್ವಕ್ಕೆ ಲಿಂಡೆಗಿಂತ ಕೆಲವು ದಿನ ಮುಂಚಿತವಾಗಿ ಹಕ್ಕುಪತ್ರ ಬೇಡಿದ್ದನೆಂಬುದು ಬೇರೊಂದು ಕಥೆ.

ಈ ಕೊಳವೆಯ ಸುರುಳಿಯಲ್ಲಿಯೇ ಶೈತ್ಯಶಿಲ್ಪದ ಮೊದಲನೆಯ ಕಳ್ಳ ಅಡಗಿರುವುದು. ಸಾರಜನಕವನ್ನು 200 ವಾತಾವರಣಗಳಿಗೆ ಅದುಮಿ ಲಿಂಡೆಯ ಯಂತ್ರಕ್ಕೆ ಹೊಗಿಸಿದರೆ, ವಿನಿಮಯಕವು ಸರ್ವಾಂಗಪರಿಪೂರ್ಣವಾಗಿದ್ದರೂ ನೂರರಲ್ಲಿ ಏಳು ಪಾಲು ಮಾತ್ರ ದ್ರವವಾಗುತ್ತದೆ. ಮಿಕ್ಕ ತೊಂಬತ್ತಮೂರು ಪಾಲು ಮತ್ತೆ ಸುತ್ತಿಗೆ ಹೋಗಬೇಕು. ವಿನಿಮಯಕವು ತನ್ನ ಕೆಲಸದಲ್ಲಿ ನೂರಕ್ಕೆ ಎಂಬತ್ತಾರಕ್ಕಿಂತ ಕೆಳಗಿಳಿದರಂತೂ ಒಂದು ಹನಿಯೂ ದಕ್ಕದು. ಬೇರೆ ಕಸುಬುಗಳಲ್ಲಿ ನೂರಕ್ಕೆ ಎಂಬತ್ತಾರು ಎಂದರೆ ಪ್ರಥಮಶ್ರೇಣಿ. ಇಲ್ಲಿ ಅದು ಪಾಸು ಮಾಡುವ ಅಂಕವೂ ಅಲ್ಲ, ಸೊನ್ನೆ. ಲಿಂಡೆಗೆ ಹೊಳೆದ ಇನ್ನೊಂದು ಸೂಕ್ಷ್ಮವು ಇದಕ್ಕಿಂತಲೂ ಸುಂದರವಾದದ್ದು. ಕವಾಟವು ಕೊಡುವ ಶೈತ್ಯವು ಎರಡು ಒತ್ತಡಗಳ ವ್ಯತ್ಯಾಸವನ್ನು ಅನುಸರಿಸುತ್ತದೆ. ಅದುಮುವ ಖರ್ಚಾದರೋ ಅವುಗಳ ಅನುಪಾತವನ್ನು ಅನುಸರಿಸುತ್ತದೆ. ಆದ್ದರಿಂದ ವಾಯುವನ್ನು 200ರಿಂದ 50 ವಾತಾವರಣಗಳಿಗೆ ಇಳಿಸಿ, ಅಲ್ಲಿಂದಲೇ ಮತ್ತೆ 200ಕ್ಕೆ ಏರಿಸಿದರೆ ವ್ಯತ್ಯಾಸ ನೂರೈವತ್ತು, ಅನುಪಾತ ಬರಿಯ ನಾಲ್ಕು. ಅದೇ ನೂರೈವತ್ತರ ಇಳಿತವನ್ನು ಒಂದರ ತನಕ ಬಿಟ್ಟು ಪಡೆಯಹೊರಟರೆ ಮೂರೂವರೆ ಪಟ್ಟಿಗಿಂತ ಹೆಚ್ಚು ಶ್ರಮ ತಗಲುತ್ತದೆ. ಅಂಗಡಿಯವನ ಲೆಕ್ಕವೂ ಪಂಡಿತನ ಲೆಕ್ಕವೂ ಒಂದಾಗುವುದು ಅಪರೂಪ. ಲಿಂಡೆಯ ಪುಸ್ತಕದಲ್ಲಿ ಅವು ಒಂದೇ ಪುಟದಲ್ಲಿದ್ದುವು.

ಇಷ್ಟಾದರೂ, ಎರಡು ಒತ್ತಡಗಳ ಈ ಉಪಾಯವಿಲ್ಲದ ಸರಳ ಲಿಂಡೆಯಂತ್ರವನ್ನು ಕಾಗದದ ಮೇಲೆ ಯಾವ ದೋಷವೂ ಇಲ್ಲದಂತೆ ಕಟ್ಟಿದರೂ ಅದರ ದಕ್ಷತೆ ನೂರಕ್ಕೆ ಹನ್ನೆರಡನ್ನು ಮೀರುವುದಿಲ್ಲ. ಕಾರಣ ಆ ಕವಾಟವೇ. ಅದುಮಲ್ಪಟ್ಟ ವಾಯುವೆಂದರೆ ಸೆಟೆದು ನಿಂತ ಬಿಲ್ಲು; ಅದು ಬಿಡುಗಡೆಯಾಗುವಾಗ ಏನನ್ನಾದರೂ ತಳ್ಳಿ, ತಿರುಗಿಸಿ, ತನ್ನ ಶಕ್ತಿಯನ್ನು ಮರಳಿಸಬಲ್ಲುದು. ಕವಾಟದಲ್ಲಿ ನುಸುಳಿಸಿದಾಗ ಆ ಬಿಲ್ಲನ್ನು ಬಾಣವಿಲ್ಲದೆ ಬಿಟ್ಟಂತಾಗುತ್ತದೆ. ಪ್ಯಾರಿಸ್ಸಿನ ಜಾರ್ಜ್ ಕ್ಲೋಡ್ ಹಟ ಹಿಡಿದದ್ದು ಇಲ್ಲಿ. ಕವಾಟದ ಬದಲು ಒಂದು ಪಿಸ್ಟನ್ ಯಂತ್ರವನ್ನಿಟ್ಟು, ಹಿಗ್ಗುವ ವಾಯುವಿನಿಂದ ಕೆಲಸ ಮಾಡಿಸಿದರೆ, ವಾಯುವು ತನ್ನ ಒಳಶಾಖವನ್ನೇ ಕೂಲಿಯಾಗಿ ತೆತ್ತು ಕವಾಟದಲ್ಲಿ ಆಗುವುದಕ್ಕಿಂತ ಬಹಳ ಹೆಚ್ಚಾಗಿ ತಣಿಯುತ್ತದೆ. ಜೊತೆಗೆ ಆ ಕೆಲಸವೂ ನಮಗೆ ದಕ್ಕುತ್ತದೆ. ತತ್ತ್ವವೇನೋ ಎಲ್ಲರಿಗೂ ತಿಳಿದದ್ದೇ. ಲಾರ್ಡ್ ರೇಲೆ 1898ರಲ್ಲಿ, ಇದಕ್ಕೆ ತಿರುಗುಚಕ್ರವನ್ನು ಬಳಸಬಹುದೆಂದು ಸೂಚಿಸಿಯೂ ಇದ್ದನು. ಅಡ್ಡಿಯಾಗಿದ್ದುದು ಎಣ್ಣೆ! ಆ ಶೈತ್ಯದಲ್ಲಿ ಯಾವ ಜಾರೆಣ್ಣೆಯಾದರೂ ಕಲ್ಲಾಗಿ, ಪಿಸ್ಟನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು. ಕ್ಲೋಡನು ಹೆಪ್ಪುಗಟ್ಟದ ಪೆಟ್ರೋಲಿಯಂ ಈಥರನ್ನು ಬಳಸಿ ನೋಡಿದನು. ಜಿಡ್ಡು ತೆಗೆದ ಚರ್ಮದ ಪಟ್ಟಿಗಳನ್ನು ತೊಡಿಸಿ ನೋಡಿದನು. 1902ರಲ್ಲಿ ಅವನ ಯಂತ್ರವು ಓಡಿತು, ಅದರ ಹಿಂದೆಯೇ ‘ಏರ್ ಲಿಕ್ವಿಡ್’ ಎಂಬ ಸಂಸ್ಥೆಯೂ ಹುಟ್ಟಿತು. ಊರೂರಿನ ಅಂಗಡಿಗಳ ನಿಯಾನ್ ದೀಪವೂ ಇವನ ಕೈಯದೇ. ಇಂದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಿನಲ್ಲಿ ವಾಯುವನ್ನು ಸೀಳಿ ಆಮ್ಲಜನಕವನ್ನು ಬೇರ್ಪಡಿಸುವ ಎತ್ತರದ ಗೋಪುರಗಳಲ್ಲಿ, 2021ರ ಬೇಸಗೆಯಲ್ಲಿ ಕನ್ನಡನಾಡಿನ ಆಸ್ಪತ್ರೆಗಳ ಟ್ಯಾಂಕರುಗಳು ಬಾಗಿಲು ಕಾದ ಆ ಗೋಪುರಗಳಲ್ಲಿ, ಲಿಂಡೆಯ ಸುರುಳಿಯ ಮತ್ತು ಕ್ಲೋಡನ ಯಂತ್ರದ ಮೊಮ್ಮಕ್ಕಳೇ ದುಡಿಯುತ್ತಿವೆ.

ದ್ರವವನ್ನು ಪಡೆದದ್ದಾಯಿತು, ಇಡುವುದು ಹೇಗೆ? ಕಳ್ಳನು ಈಗ ಪಾತ್ರೆಯ ಗೋಡೆಯಿಂದ ಬರುತ್ತಾನೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಡ್ಯೂವರ್ 1892ರಲ್ಲಿ ರೂಪಿಸಿದ ಪಾತ್ರೆಗಿಂತ ಸರಳವೂ ಸಫಲವೂ ಆದ ಉಪಕರಣವು ವಿಜ್ಞಾನದ ಉಗ್ರಾಣದಲ್ಲಿ ವಿರಳ. ಎರಡು ಗಾಜಿನ ಗೋಡೆ, ನಡುವೆ ನಿರ್ವಾತ, ಗೋಡೆಗಳಿಗೆ ಬೆಳ್ಳಿಯ ಲೇಪ. ಮುಟ್ಟಿ ಹರಿಯುವ ಶಾಖಕ್ಕೂ ಗಾಳಿಯೊಡನೆ ಸುಳಿಯುವ ಶಾಖಕ್ಕೂ ನಿರ್ವಾತವೇ ಕಂದಕ. ಕಂದಕವನ್ನು ಲೆಕ್ಕಿಸದೆ ಹಾರಿಬರುವ ವಿಕಿರಣಕ್ಕೆ ಬೆಳ್ಳಿಯೇ ಕನ್ನಡಿ. ಜಗಳಗಂಟನೆಂದು ಪ್ರಸಿದ್ಧನಾಗಿದ್ದ ಡ್ಯೂವರನು ಇದಕ್ಕೆ ಹಕ್ಕುಪತ್ರ ಪಡೆಯುವ ಗೋಜಿಗೆ ಮಾತ್ರ ಹೋಗಲಿಲ್ಲ. ಜರ್ಮನಿಯವರು ಅದಕ್ಕೊಂದು ಲೋಹದ ಅಂಗಿ ತೊಡಿಸಿ ಥರ್ಮಾಸ್ ಎಂದು ಹೆಸರಿಟ್ಟು ಮಾರಿ ಹಣವಂತರಾದರು. ರೈಲಿನಲ್ಲಿ ಕಾಫಿಯನ್ನು ಬಿಸಿಯಾಗಿಡಲೆಂದು ನಾವು ಒಯ್ಯುವ ಪಾತ್ರೆಯು ಹುಟ್ಟಿದ್ದು ಜಗತ್ತಿನ ಅತ್ಯಂತ ತಣ್ಣನೆಯ ವಸ್ತುಗಳನ್ನು ಕಾಯುವುದಕ್ಕಾಗಿ. ವಿಕಿರಣವು ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, 300 ಕೆಲ್ವಿನ್ನಿನ ಗೋಡೆ ಬೀರುವ ಶಾಖದಲ್ಲಿ 77 ಕೆಲ್ವಿನ್ನಿನ ಗೋಡೆ ಬೀರುವುದು ಇನ್ನೂರ ಮೂವತ್ತರಲ್ಲೊಂದು ಪಾಲು. ಇದನ್ನರಿತ ಮುಂದಿನವರು ಹೀಲಿಯಂನ ಪಾತ್ರೆಯನ್ನು ದ್ರವಸಾರಜನಕದ ಪಾತ್ರೆಯೊಳಗೆ ಹುದುಗಿಸಿದರು. ಮೂರು ಪಾಲು ಸುಂಕದ ಅಗ್ಗದ ಶೈತ್ಯವನ್ನು ಎಪ್ಪತ್ತು ಪಾಲು ಸುಂಕದ ದುಬಾರಿ ಶೈತ್ಯಕ್ಕೆ ಕಾವಲಿಟ್ಟರು.

ಈ ವಿದ್ಯೆಗಳು ಎಷ್ಟರಮಟ್ಟಿಗೆ ಪರೀಕ್ಷೆಗೆ ಬಂದುವೆಂಬುದನ್ನು ನೋಡಬೇಕಾದರೆ ಹಾಲೆಂಡಿನ ಲೈಡನ್ ನಗರಕ್ಕೆ ಹೋಗಬೇಕು. 1807ರ ಜನವರಿಯಲ್ಲಿ ಆ ಊರಿನ ಕಾಲುವೆಯಲ್ಲಿ ನಿಂತಿದ್ದ ಮದ್ದಿನ ಹಡಗೊಂದು ಸಿಡಿದು, ನೂರೈವತ್ತಕ್ಕೂ ಹೆಚ್ಚುಮಂದಿ ಸತ್ತು, ಕೇರಿಗಳೇ ನೆಲಸಮವಾದುವು; ಆ ಹಾಳು ಬಯಲಿನ ಮೇಲೆಯೇ ಮುಂದೆ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಮಂದಿರ ಎದ್ದಿತು. 1882ರಲ್ಲಿ ಅಲ್ಲಿ ಪ್ರಾಧ್ಯಾಪಕನಾಗಿ ಬಂದ ಹೈಕೆ ಕಾಮರ್ಲಿಂಗ್ ಓನೆಸನು ಅದುಮಿದ ಅನಿಲದ ಸೀಸೆಗಳನ್ನು ಅಲ್ಲಿ ಸಾಲುಗಟ್ಟಿ ಇಟ್ಟಿದ್ದಾನೆಂದು ತಿಳಿದಾಗ, ಅಜ್ಜಂದಿರ ಬಾಯಿಂದ ಸ್ಫೋಟದ ಕಥೆ ಕೇಳಿ ಬೆಳೆದ ಊರಿನವರು ಹೌಹಾರಿದ್ದರಲ್ಲಿ ಆಶ್ಚರ್ಯವಿಲ್ಲ. 1895ರಿಂದ ಮೂರು ವರ್ಷ ಆ ಕೆಲಸಕ್ಕೆ ತಡೆ ಬಿದ್ದಿತು. ತಡೆ ತೆರವಾಗುತ್ತಿದ್ದ 1898ರ ಮೇ 10ರಂದು ಲಂಡನ್ನಿನಲ್ಲಿ ಡ್ಯೂವರನು ಜಲಜನಕವನ್ನು ದ್ರವವಾಗಿಸಿಬಿಟ್ಟನು. ಓನೆಸನು ಅವಸರಪಡಲಿಲ್ಲ. ಗಾಜು ಊದುವವರಿಗೂ ಉಪಕರಣ ಮಾಡುವವರಿಗೂ ಶಾಲೆಯೊಂದನ್ನೇ ತೆರೆದು, ನೀಲಿ ಅಂಗಿಯ ಹುಡುಗರ ಪಡೆಯನ್ನು ಬೆಳೆಸಿ, ಪ್ರಯೋಗಶಾಲೆಯನ್ನು ಕಾರ್ಖಾನೆಯಂತೆ ನಡೆಸಿದನು. ಏಕಾಕಿಯಾಗಿ, ಯಾರನ್ನೂ ನಂಬದೆ ದುಡಿದ ಡ್ಯೂವರನಿಗೆ ಹೀಲಿಯಂ ಒಲಿಯದೆ ಓನೆಸನಿಗೆ ಒಲಿದದ್ದಕ್ಕೆ ಇದೂ ಒಂದು ಕಾರಣವೆಂಬುದು ನನ್ನ ಎಣಿಕೆ.

ಹೀಲಿಯಂ ಎಂಬುದೂ ನಮಗೆ ತೀರ ದೂರದ ವಸ್ತುವಲ್ಲ. 1868ರ ಆಗಸ್ಟ್ 18ರ ಸೂರ್ಯಗ್ರಹಣದ ನೆರಳು ಹಾದುಹೋದದ್ದು ನಮ್ಮ ಬಿಜಾಪುರದ ಸೀಮೆಯ ಮೇಲೆ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಜಮಖಂಡಿಯಲ್ಲಿ ಇಂಗ್ಲೆಂಡಿನ ಲೆಫ್ಟಿನೆಂಟ್ ಜಾನ್ ಹರ್ಶೆಲ್, ಸೂರ್ಯನಂಚಿನ ಜ್ವಾಲೆಗಳ ಬೆಳಕನ್ನು ಬಣ್ಣಬಣ್ಣದ ರೇಖೆಗಳಾಗಿ ಬಿಡಿಸಿ ನೋಡಿದರು. ಅದೇ ವರ್ಷ ಗುರುತಿಸಲ್ಪಟ್ಟ ಹಳದಿ ರೇಖೆಯೊಂದು ಭೂಮಿಯ ಯಾವ ವಸ್ತುವಿಗೂ ಹೊಂದದೆ, ಸೂರ್ಯನ ಹೆಸರಿನಿಂದಲೇ ಹೀಲಿಯಂ ಎನಿಸಿಕೊಂಡಿತು. ಭೂಮಿಯಲ್ಲಿ ಅದು ಸಿಕ್ಕಿದ್ದು 1895ರಲ್ಲಿ. ಓನೆಸನು ತನಗೆ ಬೇಕಾದಷ್ಟನ್ನು, ತಮ್ಮನ ಸಹಾಯದಿಂದ ಅಮೆರಿಕದಿಂದ ತರಿಸಿದ ಮೊನಜೈಟ್ ಮರಳನ್ನು ಕಾಯಿಸಿ ಹಿಂಡಿ ಹಿಂಡಿ ಕೂಡಿಹಾಕಿದನು.

1908ರ ಜುಲೈ 10. ಹಿಂದಿನ ದಿನವೇ 75 ಲೀಟರು ದ್ರವವಾಯುವನ್ನು ಸಿದ್ಧಮಾಡಿ ಇಡಲಾಗಿತ್ತು. ಬೆಳಗಿನ ಐದು ಮುಕ್ಕಾಲಿಗೆ ಕೆಲಸ ಮೊದಲಾಯಿತು. ದ್ರವವಾಯುವಿನ ಬಲದಿಂದ ಜಲಜನಕವನ್ನು ಇಳಿಸಿ, ಮಧ್ಯಾಹ್ನ ಒಂದೂವರೆಯ ಹೊತ್ತಿಗೆ 20 ಲೀಟರು ದ್ರವಜಲಜನಕವನ್ನು ಸಂಗ್ರಹಿಸಿದರು. ಅದರ ಬಲದಿಂದ ಹೀಲಿಯಂ ತಣಿಯತೊಡಗಿತು. ಸಂಜೆಯಾಯಿತು, ಉಷ್ಣತಾಮಾಪಕ ಇಳಿಯುತ್ತ ಇಳಿಯುತ್ತ 5 ಕೆಲ್ವಿನ್ನಿಗಿಂತ ತುಸು ಕೆಳಗೆ ಬಂದು ನಿಂತುಬಿಟ್ಟಿತು. ಜಲಜನಕ ಮುಗಿಯುತ್ತ ಬಂದಿತ್ತು. ಪಾತ್ರೆಯಲ್ಲಿ ಏನೂ ಕಾಣದು. ಕೆಲಸ ಕೆಟ್ಟಿತೆಂದು ಎಲ್ಲರೂ ಬಗೆಯುತ್ತಿರುವಾಗ, ನೋಡಲು ಬಂದಿದ್ದ ಸ್ರೈನಮೇಕರ್ಸ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕನು, ಮಾಪಕವು ಮಿಸುಕದಿರುವುದಕ್ಕೆ ಅದು ದ್ರವದಲ್ಲಿ ಮುಳುಗಿರುವುದೇ ಕಾರಣವಿರಬಾರದೇಕೆ, ಕೆಳಗಿನಿಂದ ದೀಪ ಹಿಡಿದು ನೋಡಬಾರದೇ ಎಂದನು. ಹಿಡಿದರು. ಗಾಜಿನ ಗೋಡೆಗೆ ತಾಗಿ, ಕತ್ತಿಯ ಬಾಯಿಯಂತೆ ತೆಳ್ಳಗೆ, ದ್ರವದ ಮೇಲ್ಮೈ ಫಳಕ್ಕನೆ ಕಂಡಿತು. ಪಾತ್ರೆ ಹೆಚ್ಚುಕಡಿಮೆ ತುಂಬಿಯೇ ಇತ್ತು. ಆಗ ಗಂಟೆ ಏಳೂವರೆ. ಸಿಕ್ಕಿದ ದ್ರವವು 60 ಘನ ಸೆಂಟಿಮೀಟರು, ಎಂದರೆ ಬೆಂಗಳೂರಿನ ಹೋಟೆಲಿನ ಬೈಟು ಕಾಫಿಯ ಲೋಟವೂ ಅದರಿಂದ ತುಂಬದು. ಎಪ್ಪತ್ತೈದು ಲೀಟರಿನಿಂದ ಇಪ್ಪತ್ತು ಲೀಟರು, ಇಪ್ಪತ್ತು ಲೀಟರಿನಿಂದ ಅರ್ಧ ಲೋಟ: ಕಾರ್ನೊ ಹೇಳಿದ ಸುಂಕ ಮತ್ತು ಅದರ ಮೇಲೆ ಸೇರಿದ ಪೋಲು, ಎರಡೂ ಅಂದು ಒಂದೇ ಮೇಜಿನ ಮೇಲೆ ಸಾಲಾಗಿ ಕುಳಿತಿದ್ದುವು. ಮೂರು ವರ್ಷಗಳ ತರುವಾಯ ಅಲ್ಲಿಯೇ, ಪಾದರಸದ ವಿದ್ಯುನ್ನಿರೋಧವು ಈ ಶೈತ್ಯದಲ್ಲಿ ಇದ್ದಕ್ಕಿದ್ದಂತೆ ಇಲ್ಲವಾದದ್ದನ್ನು ಕಂಡರು. ನಷ್ಟವನ್ನು ಹಿಂಬಾಲಿಸಿ ಹೋದವರಿಗೆ ನಷ್ಟವೇ ಇಲ್ಲದ ವಿದ್ಯುತ್ಪ್ರವಾಹವು ಸಿಕ್ಕಿತು.

ದ್ರವಹೀಲಿಯಂನ ನಾಜೂಕು ಎಂಥದೆಂದರೆ, ಒಂದು ವಾಟ್ ಶಾಖ, ಕೈದೀಪದ ಪುಟ್ಟ ಬಲ್ಬಿನಷ್ಟು, ಒಳಹೊಕ್ಕರೆ ಗಂಟೆಗೆ 1.4 ಲೀಟರು ಆವಿಯಾಗಿ ಹೋಗುತ್ತದೆ. ಹದಿನೈದು ವರ್ಷ ಲೈಡನ್ನಿನ ಹೊರತು ಬೇರೆಲ್ಲಿಯೂ ಅದು ದೊರೆಯದಿದ್ದುದರಲ್ಲಿ ಅಚ್ಚರಿಯೇನು? ಅದನ್ನು ಸುಲಭಮಾಡುವ ದಾರಿಯನ್ನು 1934ರಲ್ಲಿ ಕೇಂಬ್ರಿಜ್ಜಿನಲ್ಲಿ ತೆರೆದವನು ಪ್ಯೋತರ್ ಕಾಪಿತ್ಸ. ಕ್ಲೋಡನನ್ನು ಕಾಡಿದ ಎಣ್ಣೆಯ ಸಮಸ್ಯೆಗೆ ಅವನು ಕೊಟ್ಟ ಉತ್ತರವು ಬಹಳ ಚತುರವಾದದ್ದು: ಪಿಸ್ಟನ್ನಿಗೆ ಎಣ್ಣೆಯೂ ಬೇಡ, ಚರ್ಮವೂ ಬೇಡ, ಕೂದಲೆಳೆಯಷ್ಟು ಸಂದು ಬಿಟ್ಟು, ಆ ಸಂದಿನಲ್ಲಿ ಹೀಲಿಯಂ ಸೋರಿಹೋಗಲಿ, ಸೋರುವ ಅನಿಲವೇ ಜಾರೆಣ್ಣೆಯಾಗಲಿ ಎಂದನು. ಸೋರಿಕೆಯನ್ನು ತಡೆಯುವ ಘರ್ಷಣೆಯಿಂದಾಗುವ ನಷ್ಟಕ್ಕಿಂತ ಸೋರಿಕೆಯ ನಷ್ಟವೇ ಕಡಿಮೆಯೆಂದು ಕಂಡುಕೊಂಡವನು ಅವನು. ಅದೇ ವರ್ಷ ರಷ್ಯಕ್ಕೆ ಹೋದವನನ್ನು ಸರಕಾರವು ಮರಳಗೊಡಲಿಲ್ಲ. ಇದೇ ಮಾರ್ಗವನ್ನು ಹಿಡಿದು ಅಮೆರಿಕದ ಸ್ಯಾಮ್ಯುಯೆಲ್ ಕಾಲಿನ್ಸ್, ಎರಡನೆಯ ಮಹಾಯುದ್ಧ ಮುಗಿದೊಡನೆ ಕಟ್ಟಿದ ಯಂತ್ರವು ಅಂಗಡಿಯಲ್ಲಿ ಕೊಳ್ಳಬಹುದಾದ ಸರಕಾಯಿತು. ದ್ರವಹೀಲಿಯಂ ಅನೇಕ ದೇಶಗಳ ಪ್ರಯೋಗಶಾಲೆಗಳಿಗೆ ಬಂದಿತು.

1974ರಲ್ಲಿ ಸ್ಟ್ರೋಬ್ರಿಜ್ ಎಂಬ ಅಮೆರಿಕದ ತಜ್ಞನು ಆಗ ಬಳಕೆಯಲ್ಲಿದ್ದ ಶೀತಯಂತ್ರಗಳ ಲೆಕ್ಕವನ್ನೆಲ್ಲ ಒಂದೆಡೆ ಕಲೆಹಾಕಿ ನೋಡಿದಾಗ, ಒಂದು ವಿಚಿತ್ರವು ಕಂಡುಬಂದಿತು. ಎಷ್ಟು ಆಳಕ್ಕೆ ಇಳಿಯುತ್ತದೆಂಬುದಕ್ಕೂ ಯಂತ್ರದ ದಕ್ಷತೆಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ದಕ್ಷತೆಯು ನಿಂತಿರುವುದು ಯಂತ್ರದ ಗಾತ್ರದ ಮೇಲೆ. ಅಂಗೈಯಗಲದ ಯಂತ್ರವು ಆದರ್ಶದ ನೂರರಲ್ಲಿ ಒಂದೆರಡು ಪಾಲನ್ನು ಮುಟ್ಟಿದರೆ, ಕಟ್ಟಡದಷ್ಟು ದೊಡ್ಡದು ಮೂವತ್ತರ ಹತ್ತಿರಕ್ಕೆ ಹೋಗುತ್ತದೆ. ಬಡವನ ಅಡುಗೆಗೆ ಸೌದೆ ಹೆಚ್ಚು ಎಂಬುದು ಶೈತ್ಯಕ್ಕೂ ಸಲ್ಲುತ್ತದೆ. ಜಿನೀವಾದ ನೆಲದಡಿಯಲ್ಲಿ 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿರುವ ಕಣವೇಗವರ್ಧಕದ ಕಾಂತಗಳನ್ನು 1.9 ಕೆಲ್ವಿನ್ನಿನಲ್ಲಿಡುವ ಎಂಟು ಮಹಾಯಂತ್ರಗಳೂ 4.5 ಕೆಲ್ವಿನ್ನಿನ ಒಂದು ವಾಟನ್ನು ಎತ್ತಲು ಸುಮಾರು 230 ವಾಟನ್ನು ಬೇಡುತ್ತವೆ. ಸುಂಕ 66, ಮಿಕ್ಕದ್ದು ಪೋಲು. ಶತಮಾನದುದ್ದಕ್ಕೂ ಜಾಣರು ತಲೆ ಕೆಡಿಸಿಕೊಂಡ ತರುವಾಯದ ಲೆಕ್ಕವಿದು.

ಜಲಜನಕದಲ್ಲಿ ಕಳ್ಳನು ಪಾತ್ರೆಯ ಹೊರಗಿಲ್ಲ, ಅಣುವಿನೊಳಗೇ ಇದ್ದಾನೆ. ಜಲಜನಕದ ಅಣುಗಳಲ್ಲಿ ಆರ್ಥೊ, ಪ್ಯಾರಾ ಎಂಬ ಎರಡು ಜಾತಿ. ಕೋಣೆಯ ಉಷ್ಣತೆಯಲ್ಲಿ ಮೊದಲನೆಯದು ಮುಕ್ಕಾಲು ಪಾಲು. ದ್ರವವಾದ ಮೇಲೆ ಆರ್ಥೊ ಅಣುಗಳು ನಿಧಾನವಾಗಿ ಪ್ಯಾರಾ ಆಗುತ್ತ ಶಾಖವನ್ನು ಕಕ್ಕುತ್ತವೆ. ಆ ಶಾಖವು ದ್ರವವನ್ನು ಪೂರ್ತಿ ಆವಿಯಾಗಿಸಲು ಬೇಕಾದುದಕ್ಕಿಂತಲೂ ಅಧಿಕ. ಎಂಥ ಉತ್ತಮವಾದ ಡ್ಯೂವರ್ ಪಾತ್ರೆಯಲ್ಲಿಟ್ಟು ಬೀಗ ಹಾಕಿದರೂ ದ್ರವವು ತನ್ನ ಒಳಗಿನ ಬೇಗೆಯಿಂದಲೇ ಆರಿಹೋಗುತ್ತದೆ. ಆದ್ದರಿಂದ, ಯಂತ್ರದೊಳಗೆಯೇ ಪ್ರೇರಕದ್ರವ್ಯಗಳನ್ನಿಟ್ಟು ಈ ಮತಾಂತರವನ್ನು ಮುಂಚಿತವಾಗಿ ಮುಗಿಸುತ್ತಾರೆ. ನಮ್ಮ ದೇಶದ ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್ನು, 2010ರ ಏಪ್ರಿಲಿನಲ್ಲಿ ಸೋತು 2014ರ ಜನವರಿ 5ರಂದು ಗೆದ್ದ ಆ ಎಂಜಿನ್ನು, ಕುಡಿಯುವುದು ಈ ದ್ರವವನ್ನೇ.

ಶೈತ್ಯವನ್ನು ಅತ್ಯಂತ ಸಮೀಪದಿಂದ ನಾನು ಕಂಡದ್ದು ಪ್ರಯೋಗಶಾಲೆಯಲ್ಲಲ್ಲ, ಹಳ್ಳಿಯ ಕೊಟ್ಟಿಗೆಯೊಂದರ ಮುಂದೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ, ಡೆನ್ಮಾರ್ಕಿನ ಸಹಕಾರದಿಂದ ಮೊದಲಾದ ಕೇಂದ್ರದಲ್ಲಿ, ಹೋರಿಗಳ ವೀರ್ಯವನ್ನು ಸಣ್ಣ ಸಣ್ಣ ಸ್ಟ್ರಾಗಳಲ್ಲಿ ಹೆಪ್ಪುಗಟ್ಟಿಸಿ ದ್ರವಸಾರಜನಕದಲ್ಲಿ ಮುಳುಗಿಸಿ ಇಡುವ ಪದ್ಧತಿ ಬಂದು ದಶಕಗಳೇ ಕಳೆದಿವೆ. ಹಾಲಿನ ಸೊಸೈಟಿ ಇರುವ ಊರುಗಳಲ್ಲೆಲ್ಲ ಕೃತಕ ಗರ್ಭಧಾರಣೆಯವರ ಮೋಟಾರು ಸೈಕಲ್ಲಿನ ಹಿಂದೆ ಕಟ್ಟಿದ ಅಲ್ಯುಮಿನಿಯಂ ಜಾಡಿ ಎಲ್ಲರಿಗೂ ಪರಿಚಿತ. ಡ್ಯೂವರನ ಪಾತ್ರೆಯೇ ಅದು: ಎರಡು ಗೋಡೆ, ನಡುವೆ ನಿರ್ವಾತ, ಶಾಖ ಇಳಿಯದಂತೆ ಕಿರಿದಾದ ಕತ್ತು. ಒಂದು ವಾಟ್ ಶಾಖ ಸೋರಿದರೆ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಸಾರಜನಕ ಹೋಗುವುದರಿಂದ, ವಾರ ಕಳೆಯಬೇಕಾದ ಜಾಡಿಗೆ ವಾಟಿನ ಒಂದು ಸಣ್ಣ ಪಾಲು ಮಾತ್ರವೇ ಅಪ್ಪಣೆ. ಅಂದು ಆ ಕೊಟ್ಟಿಗೆಗೆ ಇಂಥ ಜಾಡಿಯೊಡನೆ ಬಂದವನು ಹಸುವನ್ನು ನೋಡುವುದಕ್ಕೆ ಮುಂಚೆ ಜಾಡಿಯನ್ನು ನೋಡಿದನು. ಅಡಿಕೋಲಿನಂಥ ಮರದ ಪಟ್ಟಿಯನ್ನು ತಳದವರೆಗೆ ಇಳಿಸಿ, ಎಣಿಸುತ್ತ ಕೆಲವು ಕ್ಷಣ ನಿಂತು, ಹೊರತೆಗೆದು ಗಾಳಿಯಲ್ಲಿ ಬೀಸಿದನು. ದ್ರವದಲ್ಲಿ ಮುಳುಗಿದ್ದಷ್ಟು ಉದ್ದಕ್ಕೂ ಬೆಳ್ಳಗೆ ಹಿಮ ಹತ್ತಿತು. ಅದರ ಮೇಲೆ ಬೆರಳಿಟ್ಟು ಅಳೆದು, “ಗುರುವಾರದ ಗಂಟ ತಡೀತದೆ” ಎಂದನು. ಪಕ್ಕದಲ್ಲಿ ನಿಂತಿದ್ದ ಮನೆಯ ಹುಡುಗನು, ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಬಿಟ್ಟರೆ ಇನ್ನೂ ಹೆಚ್ಚು ದಿನ ಬರುವುದಿಲ್ಲವೇ ಎಂದು ಕೇಳಿದನು. ಬಿಗಿದರೆ ಆವಿಗೆ ದಾರಿಯಿಲ್ಲದೆ ಜಾಡಿಯೇ ಸಿಡಿಯುತ್ತದೆಂದು ಹೇಳಿ, ಅವನು ಬೆಂಡಿನ ಮುಚ್ಚಳವನ್ನು ಕತ್ತಿನ ಮೇಲೆ ಸಡಿಲವಾಗಿ ಕೂಡಿಸಿ, ಅದರ ಅಂಚಿನಿಂದ ಬಿಳಿಯ ಉಗಿ ತೆಳ್ಳಗೆ ಹೊರಬೀಳುತ್ತಿರುವಂತೆಯೇ ಹಸುವಿನ ಕಡೆಗೆ ತಿರುಗಿದನು.